ಐಹೊಳೆಯ ಒಂದು ಶ್ಲೋಕ, ಹಿನ್ನೀರಿನ ಒಂದು ಕಡಲು

ಐಹೊಳೆಯ ಮೇಗುತಿ ಗುಡ್ಡವನ್ನು ಈ ಎರಡು ವರ್ಷಗಳಲ್ಲಿ ನಾನು ಹತ್ತಾರು ಸಲ ಹತ್ತಿದ್ದೇನೆ. ಗುಡಿಯ ಪೂರ್ವದ ಹೊರಗೋಡೆಯಲ್ಲಿರುವ ಶಾಸನಕ್ಕೆ ಬೆಳಗಿನ ಬಿಸಿಲು ನೇರ ಎದುರಿನಿಂದ ಬೀಳುವುದರಿಂದ ಆ ಹೊತ್ತಿನಲ್ಲಿ ಅಕ್ಷರಗಳು ಚಪ್ಪಟೆಯಾಗಿ ಕಾಣುತ್ತವೆ. ಸೂರ್ಯ ನೆತ್ತಿಯ ಸಮೀಪಕ್ಕೆ ಬಂದು ಬೆಳಕು ಗೋಡೆಯ ಮೇಲೆ ಓರೆಯಾಗಿ ಇಳಿಯತೊಡಗಿದಾಗ ಒಂದೊಂದು ಅಕ್ಷರದ ಅಂಚಿನಲ್ಲೂ ಸಣ್ಣ ನೆರಳು ಹುಟ್ಟುತ್ತದೆ, ಹತ್ತೊಂಬತ್ತು ಸಾಲುಗಳೂ ಕಲ್ಲಿನಿಂದ ಮೇಲೆದ್ದು ಬರುತ್ತವೆ. ಶಕವರ್ಷ 556ರಲ್ಲಿ, ಅಂದರೆ ಕ್ರಿ.ಶ. 634-35ರಲ್ಲಿ, ರವಿಕೀರ್ತಿ ತನ್ನ ಅರಸನನ್ನು ಹೊಗಳಿ ಬರೆದ ಈ ಪ್ರಶಸ್ತಿಕಾವ್ಯವನ್ನು ಹೆಚ್ಚಿನವರು ನೆನೆಯುವುದು ಇಮ್ಮಡಿ ಪುಲಿಕೇಶಿ ಹರ್ಷನನ್ನು ತಡೆದ ಪ್ರಸಂಗಕ್ಕಾಗಿ. ಕವಿ ತನ್ನನ್ನು ಕಾಳಿದಾಸ ಮತ್ತು ಭಾರವಿಯರಿಗೆ ಹೋಲಿಸಿಕೊಂಡದ್ದಕ್ಕಾಗಿಯೂ ಅದು ಪ್ರಸಿದ್ಧವಾಗಿದೆ. ನನ್ನ ಕಣ್ಣು ಮಾತ್ರ ಪ್ರತಿ ಸಲವೂ ಹರ್ಷನ ಪ್ರಸಂಗಕ್ಕಿಂತ ಸ್ವಲ್ಪ ಮೊದಲು ಬರುವ ಒಂದೇ ಶ್ಲೋಕವನ್ನು ಹುಡುಕುತ್ತದೆ. ಐದು ಜನ ಗೆಳೆಯರು ಸೇರಿ ನಾವು ತೆಗೆಯುತ್ತಿರುವ ಇಪ್ಪತ್ತೈದು ನಿಮಿಷಗಳ ಚಿತ್ರಕ್ಕೆ ಇರುವ ಆಧಾರವೆಲ್ಲ ಆ ಶ್ಲೋಕವೇ.

ಪಶ್ಚಿಮ ಸಮುದ್ರದ ಲಕ್ಷ್ಮಿಯಂತಿದ್ದ ಪುರೀ ಎಂಬ ನಗರವನ್ನು, ತ್ರಿಪುರಗಳನ್ನು ಸುಟ್ಟ ಶಿವನ ತೇಜಸ್ಸುಳ್ಳ ಪುಲಿಕೇಶಿಯು, ಮದಗಜಗಳ ಹಿಂಡಿನಂತೆ ಕಾಣುವ ನೂರಾರು ನಾವೆಗಳಿಂದ ಮರ್ದಿಸುತ್ತಿರಲು, ಮೋಡಗಳ ಸೇನೆ ಕವಿದು ಹೊಸ ನೈದಿಲೆಯಂತೆ ಕಪ್ಪಾಗಿದ್ದ ಆಕಾಶವು ಕಡಲಿನಂತಾಯಿತು, ಕಡಲು ಆಕಾಶದಂತಾಯಿತು ಎಂಬುದು ಅದರ ತಾತ್ಪರ್ಯ. ಕೊಂಕಣದ ಮೌರ್ಯರ ಮೇಲೆ ಬಾದಾಮಿಯ ಚಾಲುಕ್ಯರು ನಡೆಸಿದ ಆ ಕಡಲ ದಾಳಿಯ ಬಗ್ಗೆ ನಮಗೆ ಉಳಿದಿರುವುದು ಇಷ್ಟೇ. ನಡೆದ ವರ್ಷದ ಉಲ್ಲೇಖವಿಲ್ಲ, ದಂಡನಾಯಕನ ಹೆಸರಿಲ್ಲ, ಎಷ್ಟು ದಿನ ನಡೆಯಿತೆಂಬ ಲೆಕ್ಕವೂ ಇಲ್ಲ. ಪುರೀ ಎಂದರೆ ಇಂದಿನ ಮುಂಬಯಿ ಬಂದರಿನ ಘಾರಾಪುರಿ, ಅಂದರೆ ಎಲಿಫೆಂಟಾ ದ್ವೀಪ, ಎಂದು ಕೆಲವು ವಿದ್ವಾಂಸರು ಹೇಳಿದರೆ, ಜಂಜೀರಾದ ಹತ್ತಿರದ ರಾಜಪುರಿ ಎಂದು ಇನ್ನು ಕೆಲವರು ಹೇಳುತ್ತಾರೆ. ಪದವಿ ಕಾಲೇಜಿನಲ್ಲಿ ಇತಿಹಾಸ ಕಲಿಸುವವನಾಗಿ ನಾನು ತರಗತಿಯಲ್ಲಿ ಎರಡನ್ನೂ ಹೇಳಿ ಮುಂದಕ್ಕೆ ಹೋಗಬಲ್ಲೆ. ಚಿತ್ರ ತೆಗೆಯುವಾಗ ಹಾಗೆ ಮಾಡಲು ಬರುವುದಿಲ್ಲ. ಘಾರಾಪುರಿಯಾದರೆ ಸುತ್ತಲೂ ನೀರು, ಹಡಗುಗಳು ಯಾವ ದಿಕ್ಕಿನಿಂದಲೂ ಬರಬಹುದು. ರಾಜಪುರಿಯಾದರೆ ಅದು ಖಾರಿಯ, ಅಂದರೆ ನೆಲದೊಳಕ್ಕೆ ಚಾಚಿದ ಕಡಲ ತೋಳಿನ ಬಾಯಿ, ಹಡಗುಗಳು ಇಕ್ಕಟ್ಟಾದ ದಾರಿಯಲ್ಲಿ ಸಾಲುಗಟ್ಟಿ ನುಗ್ಗಬೇಕು. ಕ್ಯಾಮೆರಾವನ್ನು ಎಲ್ಲಿ ನಿಲ್ಲಿಸಬೇಕೆಂದು ಗೆಳೆಯ ಕೇಳಿದ ಮೊದಲ ಪ್ರಶ್ನೆಯೇ ನನ್ನನ್ನು ಆ ಹಳೆಯ ವಾದದ ನಡುವೆ ನಿಲ್ಲಿಸಿತು. ನಾವು ದ್ವೀಪವನ್ನೇ ಆರಿಸಿಕೊಂಡೆವು, ಅದು ನಮ್ಮ ಆಯ್ಕೆ ಎಂಬುದನ್ನು ಚಿತ್ರದ ಆರಂಭದಲ್ಲಿಯೇ ಬರೆದು ತೋರಿಸುತ್ತೇವೆ.

ಕಡಲ ಕಾಳಗ ಎಂದ ಕೂಡಲೇ ನೋಡುಗರ ಮನಸ್ಸಿಗೆ ಬರುವುದು ತೋಪುಗಳು, ಹೊಗೆ, ಹಡಗಿಗೆ ಹಡಗು ಡಿಕ್ಕಿ ಹೊಡೆಯುವ ದೃಶ್ಯ. ಏಳನೆಯ ಶತಮಾನದಲ್ಲಿ ತೋಪು ಇರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಶ್ಲೋಕದಲ್ಲಿ ಎದುರಾಳಿಗಳ ಹಡಗುಗಳ ಮಾತೇ ಬರುವುದಿಲ್ಲ. ಹಡಗುಗಳು ಮರ್ದಿಸಿದ್ದು ನಗರವನ್ನು. ನನ್ನ ಮೊದಲ ಚಿತ್ರಕಥೆಯಲ್ಲಿ ಎರಡು ನೌಕಾಪಡೆಗಳು ನಡುನೀರಿನಲ್ಲಿ ಸಂಧಿಸುವ ಏಳು ಪುಟಗಳ ದೃಶ್ಯವಿತ್ತು. ಅದನ್ನು ಬರೆಯುವಾಗ ಬಹಳ ಸಂತೋಷಪಟ್ಟಿದ್ದೆ, ತೆಗೆದುಹಾಕುವಾಗ ಅಷ್ಟೇ ಸಂಕಟವಾಯಿತು. ತಂಡದ ಕಿರಿಯ ಹುಡುಗನಿಗೆ ಹಡಗಿನ ಮೇಲೆ ಆನೆಗಳನ್ನು ನಿಲ್ಲಿಸುವ ಆಸೆಯಿತ್ತು, ಶಾಸನದಲ್ಲಿಯೇ ಆನೆ ಇದೆಯಲ್ಲ ಎಂಬುದು ಅವನ ವಾದ. ‘ಮದಗಜಘಟಾಕಾರೈಃ’ ಎಂಬಲ್ಲಿ ಆನೆ ಇರುವುದು ಉಪಮೆಯಲ್ಲಿ, ಹಡಗಿನಲ್ಲಲ್ಲ ಎಂದು ಅವನಿಗೆ ತಿಳಿಸಲು ಒಂದು ಸಂಜೆಯೇ ಹಿಡಿಯಿತು. ಆದರೆ ಅವನ ಹಟದಿಂದ ನಮಗೆ ಉಪಕಾರವೂ ಆಯಿತು. ಆನೆಗಳ ಹಿಂಡು ನೀರಿಗಿಳಿದು ಬರುವಾಗ ಹೇಗೆ ಒಂದರ ಬೆನ್ನು ಇನ್ನೊಂದನ್ನು ಮರೆಮಾಡುತ್ತ, ಏರುತ್ತ ಇಳಿಯುತ್ತ, ಅವಸರವಿಲ್ಲದೆ ಮುಂದುವರಿಯುತ್ತದೆಯೋ ಹಾಗೆಯೇ ಹಡಗುಗಳು ಬರಬೇಕು ಎಂಬ ತೀರ್ಮಾನಕ್ಕೆ ನಾವು ಬಂದದ್ದು ಆ ಸಂಜೆಯ ಚರ್ಚೆಯಿಂದಲೇ.

ಹಾಗಾದರೆ ಆ ಹಡಗುಗಳು ಹೇಗಿದ್ದವು? ಬಾದಾಮಿಯ ನಾಲ್ಕು ಗುಹೆಗಳಲ್ಲಿ ವಿಷ್ಣು ಇದ್ದಾನೆ, ನಟರಾಜನಿದ್ದಾನೆ, ಜಿನರಿದ್ದಾರೆ; ನನಗೆ ಬೇಕಾದ ಯುದ್ಧನೌಕೆ ಅಲ್ಲಿಲ್ಲ. ಹತ್ತಿರದ ಕಾಲದ ಆಧಾರವೆಂದರೆ ಅಜಂತೆಯ ಎರಡನೆಯ ಗುಹೆಯ ಚಿತ್ರದಲ್ಲಿರುವ ಮೂರು ಹಾಯಿಕಂಬಗಳ ಹಡಗು. ಅದರ ಮುಂದಿನ ಮತ್ತು ಹಿಂದಿನ ತುದಿಗಳು ಮೇಲಕ್ಕೆದ್ದಿವೆ, ಅಟ್ಟದ ಮೇಲೆ ಮಡಕೆಗಳನ್ನು ಜೋಡಿಸಿದ್ದಾರೆ, ಮೂತಿಯ ಮೇಲೆ ಕಣ್ಣು ಬರೆದಿದ್ದಾರೆ. ಆದರೆ ಅದು ವ್ಯಾಪಾರಿಯ ಹಡಗು. ಯುದ್ಧದ ದೋಣಿಗಳನ್ನು ಕಾಣಲು ಮುಂಬಯಿಯ ಬೊರಿವಲಿಯಲ್ಲಿರುವ ಎಕ್ಸರ್ ವೀರಗಲ್ಲುಗಳ ಎದುರು ನಿಲ್ಲಬೇಕು. ಅಲ್ಲಿ ಸಾಲು ಹುಟ್ಟುಗಳ ದೋಣಿಗಳು ಒಂದರ ಹಿಂದೆ ಒಂದು ಬರುತ್ತವೆ. ಅವು ಐಹೊಳೆಯ ಶಾಸನಕ್ಕಿಂತ ಹಲವು ಶತಮಾನ ಈಚಿನವು. ಹಡಗಿನ ಆಕಾರಕ್ಕೆ ಅಜಂತೆಯನ್ನೂ ಹುಟ್ಟುಗಳ ಸಾಲಿಗೆ ಎಕ್ಸರ್ ಕಲ್ಲನ್ನೂ ಹಿಡಿದುಕೊಂಡು ನಾವು ನಮ್ಮ ನಾವೆಯನ್ನು ಬರೆದೆವು.

ಈ ಕೆಲಸದ ನಡುವೆ 2025ರ ಮೇ ತಿಂಗಳಲ್ಲಿ ಕಾರವಾರದ ನೌಕಾನೆಲೆಯಲ್ಲಿ ‘ಕೌಂಡಿನ್ಯ’ ಎಂಬ ಹಡಗು ಭಾರತೀಯ ನೌಕಾಪಡೆಗೆ ಸೇರಿತು. ಅಜಂತೆಯ ಚಿತ್ರವನ್ನೇ ಆಧಾರವಾಗಿಟ್ಟುಕೊಂಡು, ಕೇರಳದ ಪಾರಂಪರಿಕ ಕುಶಲಕರ್ಮಿಗಳು ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದು ಕಟ್ಟಿದ ಹಡಗು ಅದು. ಅದರ ಹಾಯಿಯ ಮೇಲೆ ಗಂಡಭೇರುಂಡವಿದೆ. ನಕ್ಷೆಯೇ ಇಲ್ಲದ ಹಡಗನ್ನು ಗೋಡೆಯ ಮೇಲಿನ ಒಂದು ಚಿತ್ರದಿಂದ ನೀರಿಗಿಳಿಸಬಹುದು ಎಂಬುದನ್ನು ತೋರಿಸಿದ ಆ ಸುದ್ದಿಯನ್ನು ಓದಿದ ದಿನ ನಮಗೆಲ್ಲ ಬಂದ ಧೈರ್ಯ ಅಷ್ಟಿಷ್ಟಲ್ಲ. ಪಶ್ಚಿಮ ಹಿಂದೂ ಮಹಾಸಾಗರದಲ್ಲಿ ಹೊಲಿದ ಹಡಗುಗಳೇ ಹಿಂದೆ ಸಾಮಾನ್ಯವಾಗಿದ್ದವು. ಹದಿಮೂರನೆಯ ಶತಮಾನದಲ್ಲಿ ಹೊರ್ಮುಜ್‌ಗೆ ಬಂದ ಮಾರ್ಕೊ ಪೋಲೊ ಅಲ್ಲಿನ ಹಡಗುಗಳಿಗೆ ಕಬ್ಬಿಣದ ಮೊಳೆ ಇರುವುದಿಲ್ಲ, ತೆಂಗಿನ ನಾರಿನಿಂದ ಹೊಲಿದಿರುತ್ತಾರೆ ಎಂದು ಬರೆದಿದ್ದಾನೆ. ಬಿಗಿಯಾಗಿ ಮೊಳೆ ಜಡಿದ ಹಲಗೆ ಅಲೆಯ ಹೊಡೆತಕ್ಕೆ ಸೀಳಬಹುದಾದ ಕಡೆ ಹೊಲಿದ ಹಲಗೆ ತುಸು ಬಾಗಿ ಹೊಡೆತವನ್ನು ನುಂಗಿಕೊಳ್ಳುತ್ತದೆ.

ನಮ್ಮ ಬಳಿ ಇದ್ದದ್ದು ಆರು ಲಕ್ಷ ರೂಪಾಯಿ, ಪೂರ್ಣ ಹಡಗು ಕಟ್ಟುವ ಮಾತೇ ಇರಲಿಲ್ಲ. ಹಡಗಿನ ಒಂದು ಬದಿಯನ್ನು ಮಾತ್ರ, ಇಪ್ಪತ್ತೆಂಟು ಅಡಿ ಉದ್ದಕ್ಕೆ, ಒಣನೆಲದ ಮೇಲೆ ಕಟ್ಟುವುದೆಂದು ನಿಶ್ಚಯಿಸಿದೆವು. ಗುಳೇದಗುಡ್ಡದ ಕಡೆಯ ಬಡಿಗೇರ ಒಬ್ಬರು ಚಿತ್ರವನ್ನು ಬಹಳ ಹೊತ್ತು ನೋಡಿ, “ಮೊಳಿ ಹೊಡೀಲಾರದ ಹಡಗ ಹ್ಯಾಂಗ ನಿಂದರತೈತ್ರಿ ಸರ?” ಎಂದು ಕೇಳಿದರು. ಒಳಗಡೆ ಮೊಳೆ ಇರಲಿ, ಹೊರಗೆ ಕಾಣುವ ಬದಿಯಲ್ಲಿ ಮಾತ್ರ ಹೊಲಿಗೆ ಇರಲಿ ಎಂದು ನಾನು ಹೇಳಿದೆ. ಅವರು ಒಪ್ಪಲಿಲ್ಲ. ಎರಡು ಹಲಗೆಗಳ ಅಂಚಿನಲ್ಲಿ ಬೈರಿಗೆಯಿಂದ ನಾಲ್ಕು ಬೆರಳಿಗೊಂದರಂತೆ ರಂಧ್ರ ಕೊರೆದರು. ಸಂದಿನ ಮೇಲೆ ನಾರಿನ ಉದ್ದನೆಯ ಸಿಂಬೆಯಿಟ್ಟು, ನೆನೆಸಿದ ಹುರಿಯನ್ನು ಅಡ್ಡಡ್ಡಲಾಗಿ ಎಳೆದು, ಪ್ರತಿ ಸುತ್ತಿಗೂ ಪಾದವನ್ನು ಹಲಗೆಗೆ ಒತ್ತಿ ಹಿಂದಕ್ಕೆ ಜಗ್ಗಿ ಬಿಗಿದರು. ಹುರಿ ಒಣಗಿದ ಮೇಲೆ ಸಂದು ಎಷ್ಟು ಬಿಗಿಯಾಯಿತೆಂದರೆ ಮೇಲೆ ಸುರಿದ ನೀರು ಕೆಳಗೆ ತೊಟ್ಟಿಕ್ಕಲಿಲ್ಲ. ಅದನ್ನು ನೋಡಿದ ಬಳಿಕ ಅವರು ಮೊಳೆಯ ಡಬ್ಬಿಯನ್ನು ಬದಿಗಿಟ್ಟು, ಕಣ್ಣಿಗೆ ಬೀಳುವ ಹನ್ನೆರಡು ಹಲಗೆಗಳನ್ನೂ ಹಾಗೆಯೇ ಹೊಲಿದರು. ಅವರ ಅಂಗೈ ಬೊಬ್ಬೆ ಎದ್ದಿದ್ದವು. ಚಿತ್ರದಲ್ಲಿ ಆ ಹೊಲಿಗೆ ಕಾಣುವುದು ನಾಲ್ಕು ಸೆಕೆಂಡು. ಆ ನಾಲ್ಕು ಸೆಕೆಂಡುಗಳನ್ನು ನಾನು ಯಾವ ಕಾರಣಕ್ಕೂ ಕತ್ತರಿಸುವುದಿಲ್ಲ.

ಆ ಅರ್ಧ ಹಡಗನ್ನು ಟ್ರ್ಯಾಕ್ಟರ್ ಟ್ರೇಲರಿನ ಮೇಲೆ, ಗಾಳಿ ತುಂಬಿದ ಲಾರಿ ಟ್ಯೂಬುಗಳನ್ನು ಹಾಸಿ ಕೂಡಿಸಿ, ನಾಲ್ಕು ಮೂಲೆಗಳಲ್ಲಿ ನಾಲ್ವರು ಹುಡುಗರು ಬಿದಿರಿನ ಗಳಗಳಿಂದ ತೂಗಿದಾಗ ಅದು ಅಲೆಯ ಮೇಲಿರುವಂತೆ ಕಂಡಿತು. ಉಡುಪಿನ ವಿಷಯದಲ್ಲಿ ಬಾದಾಮಿಯ ಶಿಲ್ಪಗಳೇ ನಮಗೆ ಗುರುಗಳಾದವು. ಬಾಡಿಗೆಗೆ ಸಿಗುವ ನಾಟಕ ಕಂಪನಿಯ ಮಖಮಲ್ಲಿನ ಅಂಗಿ, ಜರಿಯ ಕಿರೀಟಗಳನ್ನು ಬಿಟ್ಟು, ಕೋರಾ ಬಟ್ಟೆಯ ಗಿಡ್ಡ ಪಂಚೆ ಮತ್ತು ಬರಿಮೈ ಸಾಕೆಂದುಕೊಂಡೆವು. ಇದರಿಂದ ನಾವು ಎಣಿಸದಿದ್ದ ತೊಡಕೊಂದು ಎದುರಾಯಿತು. ನೀರಿನ ಮೇಲೆ ಚಿತ್ರೀಕರಿಸುವಾಗ ಎಲ್ಲರಿಗೂ ಲೈಫ್ ಜಾಕೆಟ್ ಬೇಕು, ಬರಿಮೈ ಸೈನಿಕನಿಗೆ ಅದನ್ನು ಯಾವ ಬಟ್ಟೆಯ ಒಳಗೆ ತೊಡಿಸುವುದು? ಆದ್ದರಿಂದ ಸೊಂಟಮಟ್ಟದ ನೀರಿರುವ ಜಾಗದಲ್ಲಿ ಮಾತ್ರ ಜನರನ್ನು ದೋಣಿಯಲ್ಲಿ ಕೂಡಿಸುವುದು, ಆಳದ ನೀರಿನ ದೃಶ್ಯಗಳಿಗೆಲ್ಲ ಮಾದರಿಗಳನ್ನೇ ಬಳಸುವುದು ಎಂಬ ನಿಯಮ ಮಾಡಿಕೊಂಡೆವು. ಈ ನಿಯಮವನ್ನು ಒಂದು ದಿನವೂ ಸಡಿಲಿಸಲಿಲ್ಲ.

ಮಾದರಿಗಳ ಕೆಲಸ ನಡೆದದ್ದು ವಿಜಯಪುರ ಜಿಲ್ಲೆಯ ತಿಕೋಟಾ ಕಡೆಯ ದ್ರಾಕ್ಷಿ ತೋಟವೊಂದರ ಕೃಷಿ ಹೊಂಡದಲ್ಲಿ. ಹದಿನಾರು ಮೀಟರ್ ಉದ್ದದ ಹಡಗನ್ನು ಒಂದು ಮೀಟರಿಗೆ ಇಳಿಸಿ ಏಳು ಮಾದರಿಗಳನ್ನು ಮಾಡಿದ್ದೆವು. ನೀರಿನ ದೃಶ್ಯಗಳಲ್ಲಿ ಇರುವ ದೊಡ್ಡ ಕಷ್ಟವೆಂದರೆ ಹಡಗನ್ನು ಕಿರಿದು ಮಾಡಬಹುದು, ನೀರನ್ನು ಕಿರಿದು ಮಾಡಲಾಗುವುದಿಲ್ಲ. ಚಿಕ್ಕ ಹಡಗು ಚಿಕ್ಕ ಅಲೆಯ ಮೇಲೆ ಬೇಗಬೇಗನೆ ಕುಣಿಯುತ್ತದೆ, ಕಾಗದದ ದೋಣಿ ಎಂಬುದು ಕ್ಷಣದಲ್ಲಿ ಗೊತ್ತಾಗುತ್ತದೆ. ಹದಿನಾರನೆಯ ಒಂದು ಪಾಲು ಎತ್ತರದಿಂದ ವಸ್ತುವೊಂದು ಬೀಳಲು ಬೇಕಾಗುವುದು ನಾಲ್ಕನೆಯ ಒಂದು ಪಾಲು ಸಮಯ. ಆದಕಾರಣ 16ರ ವರ್ಗಮೂಲವಾದ 4 ಪಟ್ಟು ವೇಗದಲ್ಲಿ, ಅಂದರೆ ಸೆಕೆಂಡಿಗೆ 24 ಫ್ರೇಮ್‌ಗಳ ಬದಲು 96 ಫ್ರೇಮ್‌ಗಳಲ್ಲಿ ಚಿತ್ರೀಕರಿಸಿ ನಿಧಾನವಾಗಿ ತೋರಿಸಿದರೆ ಚಿಕ್ಕ ಹಡಗಿಗೆ ದೊಡ್ಡ ಹಡಗಿನ ಭಾರ ಬರುತ್ತದೆ. ಮದುವೆಗಳ ವಿಡಿಯೋ ತೆಗೆಯುವ ನಮ್ಮ ಗೆಳೆಯ ಈ ಲೆಕ್ಕವನ್ನು ಕಾಗದದ ಮೇಲೆ ನಂಬಲಿಲ್ಲ. ಮೊದಲ ತುಣುಕನ್ನು ಪರದೆಯ ಮೇಲೆ ನೋಡಿದಾಗ ಎದ್ದು ನಿಂತುಬಿಟ್ಟ. ಆದರೆ ನೀರಿನ ಹನಿಗೆ ಯಾವ ಲೆಕ್ಕವೂ ಹೊಂದುವುದಿಲ್ಲ. ಹುಟ್ಟಿನಿಂದ ಸಿಡಿದ ಹನಿ ಒಂದು ಮೀಟರಿನ ಹಡಗಿನ ಪಕ್ಕದಲ್ಲಿ ತೆಂಗಿನಕಾಯಿಯಷ್ಟು ದೊಡ್ಡದಾಗಿ ಕಾಣುತ್ತದೆ. ಆ ಕಾರಣಕ್ಕೆ ನೀರು ಸಿಡಿಯುವ ಎಲ್ಲ ದೃಶ್ಯಗಳನ್ನೂ ಹಡಗಿನ ಮೂತಿಗಿಂತ ಹಿಂದಕ್ಕೆ ಸರಿಸಿ, ತೆಳುವಾದ ಹೊಗೆಯ ಮರೆಯಲ್ಲಿ ಇಟ್ಟೆವು. ಗಾಳಿಗೆ, ದ್ರಾಕ್ಷಿ ಬಳ್ಳಿಗೆ ಔಷಧಿ ಸಿಂಪಡಿಸುವ ಟ್ರ್ಯಾಕ್ಟರಿನ ಬ್ಲೋವರ್ ಅನ್ನು ತೋಟದ ಯಜಮಾನರು ಚೆನ್ನಾಗಿ ತೊಳೆದು ಕೊಟ್ಟಿದ್ದರು. ಕೋರಾ ಬಟ್ಟೆಯ ಹಾಯಿಗಳು ಮೊದಲ ಸಲ ಉಬ್ಬಿದಾಗ ಅವರ ಮನೆಯ ಹೆಣ್ಣುಮಕ್ಕಳೆಲ್ಲ ಹೊಂಡದ ದಂಡೆಗೆ ಬಂದು ನಿಂತು ನೋಡಿದರು. ಏಳು ಹಡಗುಗಳನ್ನು ಕಂಪ್ಯೂಟರಿನಲ್ಲಿ ನೂರಾರು ಮಾಡುವಾಗ ಅದೇ ಅಲೆ, ಅದೇ ಓಲಾಟ ಮತ್ತೆ ಮತ್ತೆ ಬಂದು ಕಣ್ಣಿಗೆ ಸಿಕ್ಕಿಬೀಳುತ್ತಿತ್ತು. ಪ್ರತಿ ಹಡಗನ್ನೂ ಬೇರೆ ಬೇರೆ ಹೊತ್ತಿನಲ್ಲಿ ಹತ್ತು ಸಲ ತೆಗೆಯಬೇಕಾಯಿತು.

ಮಾದರಿಗಳಿಂದ ಬಗೆಹರಿಯದೆ ಉಳಿದದ್ದು ದಿಗಂತ. ಜನರಿರುವ ದೃಶ್ಯಗಳಿಗೆ ನಾವು ನೆಚ್ಚಿಕೊಂಡದ್ದು ಆಲಮಟ್ಟಿಯ ಹಿನ್ನೀರನ್ನು. ಜಲಾಶಯವು 519.60 ಮೀಟರ್ ಮಟ್ಟಕ್ಕೆ ತುಂಬಿದಾಗ ಬಾಗಲಕೋಟೆಯ ಸುತ್ತ ನೀರು ಸಮುದ್ರದಂತೆಯೇ ಹರಡುತ್ತದೆ. ಆದರೆ ಸಮುದ್ರಕ್ಕೆ ಆಚೆಯ ದಂಡೆ ಇಲ್ಲ. ಹಿನ್ನೀರಿಗೆ ಇದೆ, ಅಲ್ಲಿ ಕಬ್ಬಿನ ಗದ್ದೆ, ವಿದ್ಯುತ್ ಗೋಪುರ, ಚಿಮಣಿ ಇವೆ. ಅದೆಲ್ಲವನ್ನೂ ಕಂಪ್ಯೂಟರಿನಲ್ಲಿ ಅಳಿಸುವಷ್ಟು ಹಣ ನಮ್ಮಲ್ಲಿರಲಿಲ್ಲ. ಮೂರು ವಾರ ಬಿಸಿಲಿನಲ್ಲಿ ಕೋನ ಬದಲಿಸುತ್ತ ಅಲೆದೆವು. ಒಂದು ರಾತ್ರಿ ಶ್ಲೋಕವನ್ನು ಮತ್ತೆ ಓದುತ್ತಿದ್ದಾಗ, ಇಷ್ಟು ದಿನ ಅಲಂಕಾರವೆಂದು ದಾಟಿ ಹೋಗುತ್ತಿದ್ದ ಉತ್ತರಾರ್ಧದಲ್ಲಿಯೇ ನನಗೆ ಬೇಕಾದದ್ದು ಸಿಕ್ಕಿತು. ಆಕಾಶ ಕಡಲಿನಂತೆ, ಕಡಲು ಆಕಾಶದಂತೆ ಎಂದರೆ ಎರಡರ ನಡುವಿನ ಗೆರೆ ಅಳಿಸಿಹೋಗಿದೆ ಎಂದೇ ಅರ್ಥ. ಮೋಡಗಳು ಸೇನೆಯಾಗಿ ಮೇಲೆ ನಿಂತಿವೆ, ಹಡಗುಗಳು ಮೋಡಗಳಂತೆ ಕೆಳಗೆ ಬರುತ್ತಿವೆ, ದಿಗಂತ ಎಂಬುದೇ ಇಲ್ಲ. ನಾನು ಬಿಸಿಲಿನಲ್ಲಿ ಮರೆಮಾಡಲು ಹೆಣಗುತ್ತಿದ್ದ ಆಚೆಯ ದಂಡೆಯನ್ನು ರವಿಕೀರ್ತಿ ಒಂದೇ ಉಪಮೆಯಲ್ಲಿ ಅಳಿಸಿ ಕೊಟ್ಟಿದ್ದ. ನಮಗೆ ಬೇಕಾದದ್ದು ಕವಿದ ಮೋಡ, ನೀರಿನ ಮೇಲಿನ ಮಂಜು.

ಇಲ್ಲೊಂದು ಆಕ್ಷೇಪಣೆಯನ್ನು ನಾನೇ ಎತ್ತಿಕೊಂಡೆ. ಮುಂಗಾರಿನ ನಡುವೆ ಕೊಂಕಣದ ಕಡಲು ಹಾಯಿ ಹಡಗುಗಳಿಗೆ ಮುಚ್ಚಿರುತ್ತದೆ. ಶ್ರಾವಣದ ನಾರಳಿ ಹುಣ್ಣಿಮೆಗೆ ತೆಂಗಿನಕಾಯಿ ಅರ್ಪಿಸಿದ ಬಳಿಕವೇ ದೋಣಿ ಇಳಿಸುವುದು ಅಲ್ಲಿನ ಮೀನುಗಾರರ ರೂಢಿ. ಹಾಗಿರುವಾಗ ನೂರಾರು ಹಡಗುಗಳು ಕರಿಮೋಡದ ಕೆಳಗೆ ಹೊರಟಿದ್ದು ಹೇಗೆ? ಮೋಡವೂ ಆನೆಯಂತೆ ಬರಿಯ ಕವಿಸಮಯವಿರಬಹುದು. ಆದರೂ ಮಳೆಗಾಲ ಮುಗಿಯುವ ಹೊತ್ತಿನಲ್ಲಿ, ಕಡಲು ಶಾಂತವಾದರೂ ಮೋಡ ಇನ್ನೂ ಚದುರದ ದಿನಗಳಲ್ಲಿ ಇಂಥ ದಾಳಿ ನಡೆಯುವುದು ಅಸಾಧ್ಯವಲ್ಲ ಎಂಬುದು ನನ್ನ ಅಭಿಪ್ರಾಯ. ಹಿನ್ನೀರು ತುಂಬುವುದೂ ಅದೇ ಕಾಲಕ್ಕೆ ಎಂಬುದು ನಮಗೆ ಒದಗಿ ಬಂದ ಭಾಗ್ಯ.

ಕಳೆದ ಸೆಪ್ಟೆಂಬರ್‌ನಲ್ಲಿ ಹಿನ್ನೀರಿನ ದಂಡೆಯ ಊರೊಂದರಲ್ಲಿ ಬೀಡುಬಿಟ್ಟೆವು. ಸೊಂಟಮಟ್ಟದ ನೀರು ಎಲ್ಲಿದೆ, ಎಲ್ಲಿ ತಟ್ಟನೆ ಆಳವಾಗುತ್ತದೆ ಎಂಬುದನ್ನು ತಿಳಿದವರು ಮೀನು ಹಿಡಿಯುವ ಹಿರಿಯರೊಬ್ಬರು ಮಾತ್ರ. ಅವರ ತೆಪ್ಪದಲ್ಲಿ ಕುಳಿತು ಜಾಗ ಗುರುತಿಸುತ್ತಿದ್ದಾಗ, ಕೆಳಗೆ ಏನನ್ನೂ ತೋರಿಸದ ಕಂದು ನೀರಿನಲ್ಲಿ ಹುಟ್ಟನ್ನು ನೆಟ್ಟಗೆ ಇಳಿಸಿ, ಅದು ಗಟ್ಟಿಯಾದುದಕ್ಕೆ ತಾಗಿದ ಮೇಲೆ, “ಇದು ನಮ್ಮ ಬದು ನೋಡ ತಮ್ಮಾ. ಇದರ ಆಚಿ ಬಾವಿ ಐತಿ, ಅತ್ಲಾಗ ಯಾರನ್ನೂ ಬಿಡಬ್ಯಾಡ” ಎಂದರು. ಅವರು ತಮ್ಮ ಹೊಲವನ್ನು ನೀರಿನ ಮೇಲಿನಿಂದಲೇ ಉದ್ದಕ್ಕೂ ಅಗಲಕ್ಕೂ ಅಳೆದು ತೋರಿಸಿದರು. ಹಳೆಯ ಬಾಗಲಕೋಟೆಯ ಎಷ್ಟೋ ಮನೆಗಳು, ಸುತ್ತಲಿನ ಎಷ್ಟೋ ಊರುಗಳು ಈ ನೀರಿಗೆ ಹೋಗಿವೆ, ಜನ ನವನಗರಕ್ಕೆ, ಪುನರ್ವಸತಿ ಕೇಂದ್ರಗಳಿಗೆ ಹೋಗಿದ್ದಾರೆ ಎಂಬುದು ನನಗೆ ತಿಳಿಯದ ಸಂಗತಿಯಲ್ಲ. ಆದರೆ ಆ ಹುಟ್ಟು ಬದುವಿಗೆ ತಾಗಿದ ಸದ್ದು ಕೇಳಿದ ಮೇಲೆ, ಗೆದ್ದವರ ಹಡಗುಗಳನ್ನು ಆ ಹೊಲದ ಮೇಲೆ ನಡೆಸಿ ಜಯಘೋಷ ಮಾಡಿಸಲು ನನಗೆ ಮನಸ್ಸಾಗಲಿಲ್ಲ.

ಪುರೀ ನಗರದ ಜನರ ಬಗ್ಗೆ ನಾನು ಗಂಭೀರವಾಗಿ ಯೋಚಿಸಿದ್ದು ಆಗಲೇ. ಪ್ರಶಸ್ತಿಯಲ್ಲಿ ಇದರ ಹಿಂದಿನ ಶ್ಲೋಕವು ಕೊಂಕಣದ ಮೌರ್ಯರನ್ನು ಸಣ್ಣ ಹೊಂಡದ ನೀರೆಂದು ಕರೆಯುತ್ತದೆ, ಪುಲಿಕೇಶಿಯ ದಂಡಿನ ಅಲೆಗಳು ಆ ಹೊಂಡವನ್ನು ಕೊಚ್ಚಿಕೊಂಡು ಹೋದವೆನ್ನುತ್ತದೆ. ಪ್ರಶಸ್ತಿಕಾರನಿಗೆ ಅಷ್ಟು ಸಾಕು, ಅವನು ಬರೆದದ್ದು ತನ್ನ ಅರಸನಿಗಾಗಿ. ಪಶ್ಚಿಮ ಸಮುದ್ರದ ಲಕ್ಷ್ಮಿ ಎಂದು ಶತ್ರುವಿನ ಕವಿಯೇ ಹೊಗಳಬೇಕಾದ ನಗರದಲ್ಲಿ ಬಂದರಿತ್ತು, ಸರಕು ಇಳಿಸುವವರಿದ್ದರು, ಬಲೆ ನೇಯುವವರಿದ್ದರು, ಆ ಬೆಳಿಗ್ಗೆ ಮಂಜಿನೊಳಗಿಂದ ಕಪ್ಪು ಬೆನ್ನುಗಳು ಏಳುವುದನ್ನು ನೋಡಿದವರಿದ್ದರು. ಅವರ ಒಂದು ಸಾಲೂ ಉಳಿದಿಲ್ಲ. ಚಾಲುಕ್ಯರ ಹಡಗುಗಳಲ್ಲಿ ಹುಟ್ಟು ಹಾಕಿದವರಾದರೂ ಯಾರು? ಮಲಪ್ರಭೆಯ ದಂಡೆಯ ಸೈನಿಕರಿಗೆ ಕಡಲ ಹುಟ್ಟು ಒಗ್ಗಿರುವುದು ಕಷ್ಟ. ಕರಾವಳಿಯ ನಾವಿಕರೇ ಅದನ್ನು ಹಿಡಿದಿರಬೇಕು, ಅವರಲ್ಲಿ ಕೆಲವರಿಗೆ ಎದುರಿನ ದಂಡೆಯಲ್ಲಿ ನೆಂಟರೂ ಇದ್ದಿರಬಹುದು. ಇದು ನನ್ನ ಊಹೆ. ಆ ಊಹೆಯ ಮೇಲೆಯೇ ಚಿತ್ರಕಥೆಯನ್ನು ಎರಡನೆಯ ಸಲ ಬರೆದೆ. ಈಗ ಚಿತ್ರ ಪುಲಿಕೇಶಿಯ ಹಡಗಿನ ಅಟ್ಟದಿಂದಲ್ಲ, ಪುರೀಯ ದಂಡೆಯಿಂದ ಆರಂಭವಾಗುತ್ತದೆ, ಮಾತು ಬಹಳ ಕಡಿಮೆ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದ ಕಾಲದ ಕನ್ನಡವನ್ನು ಇಂದಿನ ನಟರ ಬಾಯಲ್ಲಿ ಆಡಿಸುವ ಸಾಹಸಕ್ಕಿಂತ, ಹುಟ್ಟು ಹಾಕುವವರ ಉಸಿರಿನ ಲಯವೇ ಮೇಲೆಂದು ನನಗೆ ತೋರಿತು.

ಹದಿನೇಳನೆಯ ದಿನ ಬೆಳಿಗ್ಗೆ ನಾವು ಕಾಯುತ್ತಿದ್ದ ಮೋಡ ಬಂತು. ಆರೂವರೆಗೆ ಆಚೆಯ ದಂಡೆ ತೆಳ್ಳಗಾಯಿತು, ಆರು ನಲವತ್ತಕ್ಕೆ ಚಿಮಣಿ ಹೋಯಿತು, ಆಮೇಲೆ ಗೋಪುರಗಳು ಹೋದವು. ನೀರೂ ಆಕಾಶವೂ ಒಂದೇ ಬೂದು ಬಣ್ಣಕ್ಕೆ ತಿರುಗಿ, ನಮ್ಮ ಮೂರು ದೋಣಿಗಳು ಯಾವುದರ ಮೇಲೂ ಇಲ್ಲದಂತೆ ತೂಗುತ್ತ ನಿಂತವು. ಹುಟ್ಟುಗಳನ್ನು ಮೆಲ್ಲಗೆ ಹಾಕಿ ಎಂದು ಕೈಸನ್ನೆ ಮಾಡಿದೆ. ದಂಡೆಯಲ್ಲಿ ಬಲೆ ಬಿಚ್ಚುತ್ತ ಕುಳಿತ ಮುದುಕನ ಪಾತ್ರದಲ್ಲಿ ಆ ಹಿರಿಯರೇ ಇದ್ದರು. ತಲೆ ಎತ್ತಿ ನೀರನ್ನು ನೋಡಿ ಎಂದಷ್ಟೇ ಅವರಿಗೆ ಹೇಳಿದ್ದೆವು. ಅವರು ನೋಡಿದರು, ಬಹಳ ಹೊತ್ತು ನೋಡಿದರು. ಕ್ಯಾಮೆರಾ ಹನ್ನೊಂದು ನಿಮಿಷ ಓಡಿತು, ಅಷ್ಟರಲ್ಲಿ ಗಾಳಿ ಎದ್ದು ಚಿಮಣಿ ಮತ್ತೆ ಕಾಣಿಸಿಕೊಂಡಿತು.

ಇನ್ನು ಉಳಿದಿರುವುದು ಧ್ವನಿ. ಹಿನ್ನೀರಿನ ಅಲೆ ದಂಡೆಗೆ ತಾಗಿ ಸುಮ್ಮನಾಗುತ್ತದೆ, ಕಡಲಿನ ಅಲೆ ಹಿಂದಕ್ಕೆ ಸರಿಯುವಾಗ ಮರಳನ್ನೂ ಕಲ್ಲನ್ನೂ ಎಳೆದುಕೊಂಡು ಹೋಗುವ ಸದ್ದು ಇಲ್ಲಿ ಸಿಗುವುದಿಲ್ಲ. ಮುಂದಿನ ತಿಂಗಳು ಎರಡು ಮೈಕುಗಳನ್ನು ಹಿಡಿದು ಬೆಳಗಾವಿಯ ಮೇಲೆ, ಚೋರ್ಲಾ ಘಾಟಿನ ದಾರಿಯಲ್ಲಿ ಗೋವೆಯ ಕಡಲಿಗೆ ಇಳಿಯುತ್ತಿದ್ದೇವೆ. ತೆಪ್ಪದ ಹಿರಿಯರನ್ನೂ ಕರೆದಿದ್ದೇವೆ. ಅವರು ಈವರೆಗೆ ಸಮುದ್ರ ನೋಡಿಲ್ಲ.